ಕಲೆ–ತಂತ್ರಜ್ಞಾನದ ಸಮ್ಮೇಳನ ಕಾಸರಗೋಡಿನಲ್ಲಿ, ಮಳೆಗಾಲದಲ್ಲಿ ನಡೆಯಲಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಕೇರಳ ಸರ್ಕಾರದ ಮಾನ್ಯ ಸಂಸ್ಕೃತಿ ಸಚಿವರಿಗೆ,

ಸಾದರ ನಮಸ್ಕಾರಗಳು.

ಕಲೆ, ತಂತ್ರಜ್ಞಾನ ಮತ್ತು ಇಂದಿನ ಸಂಸ್ಕೃತಿಯ ಕುರಿತು ವಿದ್ವತ್ ಸಮ್ಮೇಳನವೊಂದನ್ನು ತಮ್ಮ ಇಲಾಖೆ ಕಾಸರಗೋಡು ಜಿಲ್ಲೆಯಲ್ಲಿ, ಸಾಧ್ಯವಾದರೆ ಮಂಜೇಶ್ವರದಲ್ಲಿ, ನಡೆಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಪ್ರಬಂಧ ಮಂಡಿಸಿ ಪ್ರಮಾಣಪತ್ರ ಪಡೆದು ಹೋಗುವ ಗೋಷ್ಠಿಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾನು ಕೇಳುತ್ತಿರುವುದು ಬೇರೆ ಬಗೆಯದು. ಅಲ್ಲಿ ಎಂಜಿನಿಯರ್ ಮತ್ತು ವೇಷಧಾರಿ ಎದುರುಬದುರು ಕುಳಿತು ಕೆಲಸ ಮಾಡಬೇಕು, ಸಂಶೋಧಕರು ಅದನ್ನು ನೋಡಿ ಪ್ರಶ್ನೆ ಕೇಳಬೇಕು.

ನಾನು ಕುಂಬಳೆ ಸೀಮೆಯವನು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಇದು. ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಬಿಡುವಿನಲ್ಲಿ ಮದ್ದಲೆ ನುಡಿಸುತ್ತೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ವೇಷವಿಲ್ಲದೆ ಕುಳಿತು ಹಾಡು–ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಳೆ ಮೊಬೈಲಿಗೆ ಬಂತು. ಭಾಗವತರ ಪದ್ಯ ಆಚೆ ಕಡೆಯವರಿಗೆ ಸ್ವಚ್ಛವಾಗಿ ಕೇಳುತ್ತಿತ್ತು, ಚೆಂಡೆ ಮದ್ದಲೆ ಮಾತ್ರ ನಡುನಡುವೆ ಮಾಯವಾಗುತ್ತಿದ್ದವು. ಮುಕ್ತಾಯದ ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಮೌನ. ವಿಡಿಯೊ ಕರೆಯ ಆ್ಯಪ್‌ಗಳು ಮನುಷ್ಯರ ಮಾತನ್ನು ಉಳಿಸಿ ಉಳಿದ ಸದ್ದನ್ನು ಅಳಿಸುವಂತೆ ರೂಪುಗೊಂಡಿರುವುದೇ ಇದಕ್ಕೆ ಕಾರಣ. ಫ್ಯಾನಿನ ಗುರುಗುರು, ಬಾಗಿಲು ಬಡಿದ ಸದ್ದು, ಚೆಂಡೆಯ ನಡೆ, ಯಂತ್ರಕ್ಕೆ ಎಲ್ಲವೂ ಒಂದೇ. ಮೂಲ ಧ್ವನಿಯನ್ನು ಇದ್ದಂತೆಯೇ ಕಳುಹಿಸುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿ ಇದೆ ನಿಜ. ಆದರೆ ಆ ಯಂತ್ರಕ್ಕೆ ಕೇಳುವುದನ್ನು ಕಲಿಸಿದವರ ಮುಂದೆ ಚೆಂಡೆಯವರೊಬ್ಬರು ಕುಳಿತು ತಾಳದ ಲೆಕ್ಕ ತೋರಿಸುವ ವೇದಿಕೆಯೇ ನಮ್ಮಲ್ಲಿಲ್ಲ.

ಬೆಳಕಿನ ವಿಷಯವೂ ಹೀಗೆಯೇ. ರಾಕ್ಷಸ ಪಾತ್ರದ ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾನೆ. ಆ ಚುಟ್ಟಿ ಎದ್ದು ಕಾಣುವುದು ನೆರಳಿನಿಂದ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಅದು ಹೋಗಿ ವಿದ್ಯುತ್ ದೀಪ ಬಂತು. ಈಗ ಎದುರಿನಿಂದ ನೇರವಾಗಿ ಸುರಿಯುವ ಎಲ್ಇಡಿ ಬೆಳಕಿನಲ್ಲಿ ನೆರಳೇ ಬೀಳದೆ ರಾಕ್ಷಸನ ಮುಖ ಚಪ್ಪಟೆಯಾಗುತ್ತದೆ. ದೀಪವನ್ನು ಎಲ್ಲಿಡಬೇಕು, ಎಷ್ಟು ಇಳಿಸಬೇಕು ಎಂಬುದು ಬೆಳಕಿನ ತಂತ್ರಜ್ಞರು ಮತ್ತು ವೇಷಧಾರಿಗಳು ಒಂದು ಹಗಲು ಒಟ್ಟಿಗೆ ಕುಳಿತರೆ ಬಗೆಹರಿಯುವ ಮಾತು. ಅಂಥ ಹಗಲನ್ನು ಒದಗಿಸುವುದು ಸರ್ಕಾರಕ್ಕೆ ಕಷ್ಟವೇ?

ಇದು ಹೊಸ ಯೋಚನೆಯಲ್ಲ. 1966ರಲ್ಲಿ ನ್ಯೂಯಾರ್ಕ್‌ನಲ್ಲಿ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಕಲಾವಿದರ ಜೊತೆ ಸೇರಿ ಒಂಬತ್ತು ಸಂಜೆಗಳ ಪ್ರದರ್ಶನ ನಡೆಸಿದರು. ಆಸ್ಟ್ರಿಯಾದ ಲಿಂಜ್ ದೇಶದ ರಾಜಧಾನಿಯಲ್ಲ, ಉಕ್ಕಿನ ಕಾರ್ಖಾನೆಯ ಊರು. 1979ರಲ್ಲಿ ಅಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಎಂಬ ಕಲೆ–ತಂತ್ರಜ್ಞಾನದ ಉತ್ಸವ ಆರಂಭವಾದಾಗ, ಸಂಗೀತ ಊರಿಗೆಲ್ಲ ಕೇಳಲೆಂದು ಮನೆಯ ಕಿಟಕಿಗಳಲ್ಲಿ ರೇಡಿಯೊ ಇಡುವಂತೆ ಜನರನ್ನು ಕೋರಲಾಗಿತ್ತು. ದೂರದ ಮಾತೇಕೆ, 2012ರ ಡಿಸೆಂಬರ್ 12ರಂದು ಶುರುವಾದ ಕಲಾ ಪ್ರದರ್ಶನ ಕೊಚ್ಚಿ–ಮುಜಿರಿಸ್ ಬಿನಾಲೆ ನಮ್ಮ ರಾಜ್ಯದ್ದೇ. ಇಂಥ ಕೆಲಸ ಮಾಡಬಲ್ಲ ಸರ್ಕಾರ ಇದು ಎಂಬ ನಂಬಿಕೆಯಿಂದಲೇ ತಮಗೆ ಬರೆಯುತ್ತಿದ್ದೇನೆ.

ಇನ್ನು ನನ್ನ ಮುಖ್ಯ ಬೇಡಿಕೆ, ಸಮಯದ್ದು. ವಿಶ್ವವಿದ್ಯಾಲಯಗಳ ವಿಚಾರ ಸಂಕಿರಣಗಳು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಒತ್ತೊತ್ತಾಗಿ ಬರುತ್ತವೆ. ಆರ್ಥಿಕ ವರ್ಷ ಮುಗಿಯುವ ಮೊದಲು ಅನುದಾನ ಖರ್ಚಾಗಬೇಕು. ಆದರೆ ಯಕ್ಷಗಾನ ಮೇಳದ ಕಲಾವಿದನಿಗೆ ಆಗ ದಿನವೂ ಆಟ. ರಾತ್ರಿ ಕುಣಿದು ಬಂದವನು ಬೆಳಿಗ್ಗೆ ಹತ್ತಕ್ಕೆ ಸಭಾಂಗಣಕ್ಕೆ ಬರುವುದು ಹೇಗೆ? ಹಾಗಾಗಿ ಕಲೆಯ ಬಗ್ಗೆ ಮಾತು ಹಗಲಿಗೆ, ಕಲಾವಿದ ಸಂಜೆಯ ಮನರಂಜನೆಗೆ ಎಂಬ ಏರ್ಪಾಟು ತಾನಾಗಿ ಗಟ್ಟಿಯಾಗಿದೆ. ಮೇ ಕೊನೆಯ ವಾರದ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ವರ್ಷದ ತಿರುಗಾಟ ಮುಗಿಯುತ್ತದೆ. ದೈವಗಳ ವೇಷ ಕಟ್ಟಿ ಕುಣಿಯುವ ತೆಯ್ಯಂಗಳ ಕಾಲವೂ ಮಳೆ ಹಿಡಿಯುವ ಹೊತ್ತಿಗೆ ಮುಗಿದು, ಮತ್ತೆ ಶುರುವಾಗುವುದು ತುಲಾ ಮಾಸದಲ್ಲಿ (ಅಕ್ಟೋಬರ್–ನವೆಂಬರ್). ನಡುವಿನ ತಿಂಗಳುಗಳಲ್ಲಿ ಕಲಾವಿದರಿಗೆ ಬಿಡುವಿದೆ, ಸಂಪಾದನೆ ಇಲ್ಲ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಸಮ್ಮೇಳನ ನಡೆಸಿ, ಪ್ರಾಧ್ಯಾಪಕರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರಿಗೂ ಕೊಟ್ಟು ಹಗಲಿನ ಗೋಷ್ಠಿಗೇ ಕರೆಯಿರಿ.

ಅವರು ತಮ್ಮ ಮಾತಿನಲ್ಲೇ ಮಾತಾಡಲಿ. ಆಹ್ವಾನ ಮಲಯಾಳ, ಇಂಗ್ಲಿಷಿನಲ್ಲಷ್ಟೇ ಬಂದರೆ ಮಂಜೇಶ್ವರದ ಎಷ್ಟೋ ಹಿರಿಯರು ಅದನ್ನು ತಮಗೆ ಬಂದ ಕರೆ ಎಂದೇ ತಿಳಿಯುವುದಿಲ್ಲ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ವಿದ್ಯಾರ್ಥಿಗಳು ಇಲ್ಲಿ ಧಾರಾಳವಾಗಿದ್ದಾರೆ, ಅನುವಾದಕ್ಕೆ ಅವರೇ ಸಾಕು. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ, ಕಂಪ್ಯೂಟರಿನಲ್ಲಿ ಲಿಪಿಗಳನ್ನು ಗುರುತಿಸುವ ಯೂನಿಕೋಡ್‌ಗೆ ಸೇರಿತು. ಅದೇ ವರ್ಷ ಗೂಗಲ್ ಅನುವಾದದಲ್ಲಿ ತುಳು ಬಂತು. ಈ ಯಂತ್ರದ ತುಳುವನ್ನು ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಹಾಡುವ ಹೆಂಗಸರ ಮುಂದಿಟ್ಟು ತಿದ್ದಿಸುವುದಕ್ಕಿಂತ ಒಳ್ಳೆಯ ಸಂಶೋಧನಾ ಗೋಷ್ಠಿ ನನಗೆ ತೋಚುವುದಿಲ್ಲ.

ಧ್ವನಿಮುದ್ರಣದ ಬಗ್ಗೆ ಒಂದು ಮಾತು. ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಂ ಪ್ರದರ್ಶಕರಿಗೆ ಹಕ್ಕು ಕೊಟ್ಟಿದೆ, ಕಾಯ್ದೆ ಹೇಳುವ ಪ್ರದರ್ಶಕರಲ್ಲಿ ಹಾವಾಡಿಗನೂ ಸೇರಿದ್ದಾನೆ. ಚಿತ್ರೀಕರಿಸುವ ಮೊದಲು ಕಲಾವಿದರಿಗೆ ಅವರ ಭಾಷೆಯಲ್ಲಿ ಒಪ್ಪಿಗೆ ಪತ್ರ ಓದಿ ಹೇಳಬೇಕು. ಅವರ ಸ್ವರ, ಕುಣಿತವನ್ನು ಕೃತಕ ಬುದ್ಧಿಮತ್ತೆಗೆ ಕಲಿಸಲು ಬಳಸುವುದಾದರೆ ಅದನ್ನೂ ಬಿಡಿಸಿ ಹೇಳಬೇಕು. ಒಂದು ಪ್ರತಿಯನ್ನು ಅವರ ಕೈಗೂ ಕೊಡಬೇಕು.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜಿದೆ, ಅವರ ಮನೆಯ ಆವರಣದಲ್ಲಿ ಗಿಳಿವಿಂಡು ಎಂಬ ಸ್ಮಾರಕ ಇದೆ. ಸ್ಥಳಕ್ಕೆ ಕೊರತೆಯಿಲ್ಲ. ಆಟಿಗೆ ಸಮ್ಮೇಳನ ಆಗಬೇಕಾದರೆ ಹಣವನ್ನು ಬರುವ ಬಜೆಟ್ಟಿನಲ್ಲೇ ತೆಗೆದಿರಿಸಬೇಕು. ಅದಕ್ಕೆ ಮೊದಲು ತಮ್ಮ ಇಲಾಖೆ ಜಿಲ್ಲೆಯ ಕಲಾವಿದರ ಸಭೆಯೊಂದನ್ನು ಕರೆಯಲಿ ಎಂದು ವಿನಂತಿಸುತ್ತೇನೆ. ಈ ಪತ್ರದ ಮಲಯಾಳ ಅನುವಾದವನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕುಂಬಳೆಯ ಒಬ್ಬ ಹವ್ಯಾಸಿ ಮದ್ದಲೆವಾದಕ