ಕಾರಿನ ಬಲಮೂಲೆ ಕುಸಿದದ್ದಕ್ಕೆ ನನ್ನ ತೂಕ ಕಾರಣವಲ್ಲ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಕಾರು ತಗ್ಗಿಸಲು ಹಾಕಿದ ಸ್ಪ್ರಿಂಗುಗಳ ತಪ್ಪು ಜೋಡಣೆ ಹಾಗೂ ನಿನ್ನೆ ಬಂದ ‘ತಪಾಸಣಾ ಶುಲ್ಕ’ದ ಬಿಲ್ಲು.

ಮಾನ್ಯರೇ,

ಐದು ಸಲ ಫೋನು ಮಾಡಿದ್ದೇನೆ, ಎರಡು ಸಲ ಖುದ್ದಾಗಿ ಬಂದಿದ್ದೇನೆ. ಪ್ರತಿ ಸಲವೂ ‘ದಯವಿಟ್ಟು’ ಎಂದೇ ಮಾತು ಆರಂಭಿಸಿದ್ದೆ. ಈ ಪತ್ರವನ್ನೂ ಹಾಗೆಯೇ ಬರೆಯಬೇಕೆಂದು ಕುಳಿತೆ. ಆದರೆ ನಿಮ್ಮ ಬಿಲ್ಲು ಎದುರಿಗೇ ಇದೆ. ಅದರಲ್ಲಿರುವುದು ‘ತಪಾಸಣಾ ಶುಲ್ಕ’ ಎಂಬ ಒಂದೇ ಸಾಲು. ನೀವು ತಪಾಸಣೆ ಮಾಡಿದ್ದು ಕಾರನ್ನಲ್ಲ, ನನ್ನನ್ನು. ಆದ್ದರಿಂದ ಅಲ್ಲಲ್ಲಿ ಸಂಯಮ ತಪ್ಪಿದರೆ ಸಹಿಸಿಕೊಳ್ಳಿ.

ನಾನು ಹುಡುಗಾಟಕ್ಕೆ ಕಾರು ತಗ್ಗಿಸಲು ಹೊರಟವನಲ್ಲ. ತಿರುವುಗಳಲ್ಲಿ ಕಾರು ವಾಲುತ್ತಿತ್ತು. ಅದು ಕಡಿಮೆಯಾಗಲಿ ಎಂಬುದು ಮುಖ್ಯ ಆಸೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಗಲವಾದ ಕಂಡಿ ಕಣ್ಣಿಗೆ ಚುಚ್ಚುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಕೈಯಲ್ಲಿದ್ದ ಹಣ ಅಷ್ಟಕ್ಕಷ್ಟೆ. ಎಲ್ಲಕ್ಕಿಂತ ಅಗ್ಗದ ದಾರಿ ಇದ್ದ ಸ್ಪ್ರಿಂಗನ್ನೇ ಕತ್ತರಿಸುವುದು. ಅದನ್ನು ಮೊದಲೇ ಬಿಟ್ಟೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗಿನ ಬಿಗುವು ಐದನೇ ಒಂದು ಪಾಲು ಏರುತ್ತದೆ. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಸ್ಪ್ರಿಂಗು, ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿರುವ, ಎತ್ತರವನ್ನು ಬೇಕಾದಂತೆ ಹೊಂದಿಸಬಲ್ಲ ಕಾಯಿಲ್‌ಓವರ್ ನನ್ನ ಕೈಗೆ ಎಟುಕುವಂತಿರಲಿಲ್ಲ. ಅಗ್ಗವೆಂದು ಸಿಗುವ ಕಾಯಿಲ್‌ಓವರ್‌ಗಿಂತ ಒಳ್ಳೆಯ ಸ್ಪ್ರಿಂಗೇ ವಾಸಿ ಎಂದು ನಿಮ್ಮವರೇ ಫೋನಿನಲ್ಲಿ ಹೇಳಿದರು. ಆ ಮಾತಿನಲ್ಲಿ ಹುರುಳಿದೆ, ಈಗಲೂ ಒಪ್ಪುತ್ತೇನೆ. ಹಾಗಾಗಿ 30 ಮಿ.ಮೀ. ತಗ್ಗಿಸುವ ನಾಲ್ಕು ಸ್ಪ್ರಿಂಗುಗಳನ್ನು ಕೊಂಡು, ಜೋಡಣೆಯನ್ನೂ ನಿಮ್ಮ ಕೈಗೇ ಒಪ್ಪಿಸಿದೆ. ಶಾಕ್ ಅಬ್ಸಾರ್ಬರ್ ಬದಲಿಸಬೇಕೇ ಎಂದು ಎರಡು ಬಾರಿ ಕೇಳಿದ್ದೆ. ‘30 ಮಿ.ಮೀ. ಒಳಗೆ ಕಂಪನಿಯವೇ ಸಾಕು’ ಎಂಬುದು ಎರಡೂ ಬಾರಿ ಬಂದ ಉತ್ತರ.

ಜೋಡಣೆಗೆ ಮುಂಚೆ ಮನೆಯಲ್ಲಿ ಅಳತೆ ತೆಗೆದಿಟ್ಟಿದ್ದೆ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆಯಾದಾಗ ಲೆಕ್ಕ ತಪ್ಪುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಬೇಕು. ಇದು ನಿಮ್ಮ ಜೋಡಣಾ ಸೂಚನೆಯ ಮೊದಲ ಪುಟದಲ್ಲೇ ಇದೆ. ಮುಂದಿನ ಎರಡೂ ಬದಿ 378 ಮಿ.ಮೀ. ಇತ್ತು. ನಿಮ್ಮಲ್ಲಿಂದ ಮರಳಿ ಬಂದ ಮೇಲೆ ಎಡ ಮುಂಭಾಗ 346, ಬಲ ಮುಂಭಾಗ 327. ಹಿಂದಿನ ಎರಡು ಬದಿಗಳು ಮಾತಿನಂತೆ 30ರ ಆಸುಪಾಸಿನಲ್ಲೇ ಇಳಿದಿವೆ. ಅವುಗಳ ಮೇಲೆ ನನ್ನ ತಕರಾರಿಲ್ಲ. ಒಂದೇ ಕಾರಿನ ಒಂದು ಮೂಲೆ 32 ಮಿ.ಮೀ. ಇಳಿದರೆ ಅದರ ಜೊತೆಯ ಮೂಲೆ 51 ಇಳಿದಿದೆ. ಹೊಸ ಸ್ಪ್ರಿಂಗು ಕೆಲವು ದಿನಗಳಲ್ಲಿ ಒಂದಿಷ್ಟು ಕೂರುತ್ತದೆ, ಗೊತ್ತು. ಆದರೆ ಎರಡೂ ಒಟ್ಟಿಗೆ ಕೂರಬೇಕಲ್ಲ. ಈಗ ಚಿಕ್ಕ ರಸ್ತೆ ಉಬ್ಬು ದಾಟಿದರೂ ಬಲಗಡೆ ದಡ್ ಎನ್ನುತ್ತದೆ. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಓಡಾಡಲು ಜಾಗವೇ ಉಳಿದಿಲ್ಲ. ಕಾರು, ದಂಡ ಪೂರ್ತಿ ಒಳಹೋಗಿ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಎಂಬ ರಬ್ಬರಿನ ಮೇಲೆ ಕುಳಿತು ಸವಾರಿ ಮಾಡುತ್ತಿದೆ.

ಇನ್ನು ನಿಮ್ಮ ಕೌಂಟರಿನಲ್ಲಿ ನಡೆದದ್ದು. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಬಿಲ್ಲು ಅದಕ್ಕೇ ತಾನೇ.

ಅಳತೆಗಳನ್ನು ಬರೆದ ಚೀಟಿಯನ್ನು ನಿಮ್ಮ ಸಲಹೆಗಾರರ ಮುಂದಿಟ್ಟೆ. ಅವರು ಚೀಟಿ ನೋಡಲಿಲ್ಲ. ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು. ಅಲ್ಲಿ ಕೊಂಚ ಹೊತ್ತು ನಿಂತು, ಮತ್ತೆ ಮೇಲಕ್ಕೆ ಬಂದರು.

‘ಕಾರು ಓಡಿಸುವವರು ನೀವೇನಾ ಸರ್?’

‘ಹೌದು.’

‘ಯಾವಾಗಲೂ ನೀವೇನಾ?’

‘ಹೌದು, ನನ್ನದೇ ಕಾರು.’

‘ನಿಮ್ಮ ತೂಕ ಎಷ್ಟು ಸರ್?’

ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ವೈಪರ್ ಬ್ಲೇಡ್ ಹಿಡಿದಿದ್ದ ಮಹಿಳೆಯೊಬ್ಬರು ಥಟ್ಟನೆ ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತಿ ತಳೆದರು. ತೊಂಬತ್ತರ ಹತ್ತಿರ ಇರಬಹುದು ಎಂದೆ. ‘ಇರಬಹುದು ಎಂದರೆ ಆಗುವುದಿಲ್ಲ ಸರ್, ನಮಗೆ ನಿಖರ ಅಂಕಿ ಬೇಕು’ ಎಂದರು. ಬಲ ಸ್ಪ್ರಿಂಗು ಎಡದ್ದಕ್ಕಿಂತ 19 ಮಿ.ಮೀ. ಕೆಳಗಿರುವಾಗ ಬಾರದ ನಿಖರತೆ ಆ ಕ್ಷಣದಲ್ಲಿ ಬಂದಿತ್ತು. ಮೂಲೆಯಲ್ಲಿದ್ದ ಪಾರ್ಸೆಲ್ ತೂಗುವ ಯಂತ್ರವನ್ನು ತೋರಿಸಿದರು. ಅದರ ಮೇಲೆ ಯಾರದೋ ಎಕ್ಸಾಸ್ಟ್ ಪೈಪು ಇತ್ತು; ಅದನ್ನು ಇಳಿಸಿ ನನ್ನನ್ನು ಏರಿಸಿದರು. ಬೂಟು ಬಿಚ್ಚಬೇಕೇ ಎಂದು ಕೇಳಿದೆ. ಏಕೆ ಕೇಳಿದೆನೋ ನನಗೇ ತಿಳಿಯದು. ಅಂಥ ಜಾಗದಲ್ಲಿ ಮನುಷ್ಯನಿಗೆ ತಾನಾಗಿಯೇ ವಿನಯ ಬಂದುಬಿಡುತ್ತದೆ. ‘ಪರವಾಗಿಲ್ಲ, ಕಾರನ್ನೂ ಬೂಟು ಹಾಕಿಕೊಂಡೇ ಓಡಿಸುತ್ತೀರಲ್ಲ’ ಎಂದರು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

‘92 ಪಾಯಿಂಟ್ 6, ಬರೆದುಕೊ!’ ಎಂದು ಅವರು ಕೂಗಿದ್ದು ಹೊರಗೆ ನನ್ನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ ಹುಡುಗನಿಗೆ. ಆ ಹುಡುಗ ಕೈಯಲ್ಲಿ ಟೇಪು ಹಿಡಿದು ಅಲ್ಲಿಂದಲೇ ಉತ್ತರಿಸಿದ: ‘ಬಲ ಮುಂದೆ 327!’

‘ನೋಡಿದಿರಾ ಸರ್? ನಮ್ಮ ಸ್ಪ್ರಿಂಗು 75 ಕಿಲೋ ಚಾಲಕನಿಗೆ ಲೆಕ್ಕ ಹಾಕಿದ್ದು. ಚಾಲಕನ ಬದಿ ಇಳಿಯದೆ ಇನ್ನೇನಾಗುತ್ತದೆ?’

ಸ್ವಾಮಿ, ಆ ಹುಡುಗ 327 ಎಂದು ಕೂಗಿದಾಗ ಕಾರಿನಲ್ಲಿ ಯಾರಿದ್ದರು? ನಾನು ಹತ್ತು ಹೆಜ್ಜೆ ದೂರದಲ್ಲಿ ನಿಮ್ಮ ತೂಕದ ಯಂತ್ರದ ಮೇಲೆ ನಿಂತಿದ್ದೆ. ನನ್ನ 92 ಕಿಲೋದಲ್ಲಿ ಒಂದು ಗ್ರಾಮೂ ಕಾರಿನ ಮೇಲಿರಲಿಲ್ಲ. ನಾನು ಕುಳಿತರೆ ಆ ಮೂಲೆ ಸುಮಾರು 10 ಮಿ.ಮೀ. ಇಳಿಯುತ್ತದೆ, ಎದ್ದರೆ ಮೇಲೆ ಬರುತ್ತದೆ. ಸ್ಪ್ರಿಂಗು ಎಂದರೆ ಅದೇ ಅಲ್ಲವೇ? ಕಂಪನಿಯ ಹಳೆಯ ಸ್ಪ್ರಿಂಗುಗಳು ಇದೇ ದೇಹವನ್ನು ಆರು ವರ್ಷ ಹೊತ್ತೂ ಎರಡೂ ಬದಿ 378ರಲ್ಲೇ ಇದ್ದವು. ನಿಮ್ಮವು ಮೂರು ವಾರಕ್ಕೆ ನನ್ನ ಮೇಲೆ ದೂರು ಹೇಳುತ್ತಿವೆ.

ಇದನ್ನೆಲ್ಲ ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಎಡದ ಸ್ಪ್ರಿಂಗನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ, ತಗ್ಗು ಬದಿ ಬದಲಾದರೆ ತಪ್ಪು ಸ್ಪ್ರಿಂಗಿನದು ಎಂದು ತಿಳಿಯುತ್ತದೆ ಎಂದಷ್ಟೇ ಕೇಳಿಕೊಂಡೆ. ‘ಅದಕ್ಕೆ ಬೇರೆ ಕೂಲಿಯಾಗುತ್ತದೆ’ ಎಂದರು. ಜೊತೆಗೆ ಹೊಸ ಜ್ಞಾನವೊಂದನ್ನೂ ದಯಪಾಲಿಸಿದರು: ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡದ್ದು ನನ್ನದೇ ತಪ್ಪಂತೆ, ಈಗ ಕಾಯಿಲ್‌ಓವರ್ ಹಾಕಿಸುವುದೊಂದೇ ದಾರಿಯಂತೆ. ನಿಮ್ಮ ಫೋನಿನವರೂ ಕೌಂಟರಿನವರೂ ಒಮ್ಮೆಯಾದರೂ ಪರಸ್ಪರ ಮಾತಾಡಿಕೊಳ್ಳಬಾರದೇ?

ಮೊನ್ನೆ ಭಾನುವಾರ ಜಾಕ್ ಹಾಕಿ, ಮುಂದಿನ ಚಕ್ರಗಳನ್ನು ನಾನೇ ಬಿಚ್ಚಿದೆ. ಟಾರ್ಚು ಹಿಡಿದರೆ ಸ್ಪ್ರಿಂಗಿನ ಮೇಲೆ ಅಚ್ಚಾದ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಎಡದ ಸಂಖ್ಯೆ ನಿಮ್ಮ ಕೈಪಿಡಿಯಲ್ಲಿ ಡೀಸೆಲ್ ಕಾರಿಗೆ ಎಂದಿದೆ, ಬಲದ್ದು ಪೆಟ್ರೋಲ್ ಕಾರಿಗೆ. ನನ್ನದು ಡೀಸೆಲ್ ಕಾರು. ನನ್ನ ಕಾರಿನ ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ಭಾರವಾದ್ದರಿಂದ ಮುಂದಿನ ಸ್ಪ್ರಿಂಗು ಹೆಚ್ಚು ಬಿಗಿಯಾಗಿರಬೇಕು. ಅದಕ್ಕೇ ನೀವು ಎರಡು ಬೇರೆ ಸಂಖ್ಯೆ ಇಟ್ಟಿರುವುದು. ಭಾರ ಜಾಸ್ತಿಯಾಗಿದ್ದು ನಿಜ, ಆದರೆ ಅದು ಬಾನೆಟ್ಟಿನ ಕೆಳಗಿನದು.

ನಿಮ್ಮ ಸೂಚನೆಗಳು ನಿಮಗೆ ಗೊತ್ತಿರುತ್ತವೆ ಎಂದು ಭಾವಿಸಿದ್ದೇನೆ, ಆದ್ದರಿಂದ ಚುಟುಕಾಗಿ ನೆನಪಿಸುತ್ತೇನೆ. ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಮಾಡಬೇಕು ಎಂದಿದೆ. ನಿಮ್ಮವರು ಲಿಫ್ಟಿನಲ್ಲಿ ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದ್ದನ್ನು ಗಾಜಿನಾಚೆಯಿಂದ ನೋಡಿದ್ದೇನೆ. ಆ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಅಂದಿನಿಂದ ತಿರುಚಿಕೊಂಡೇ ಇವೆ. ತಗ್ಗಿಸಿದ ಮೇಲೆ ಚಕ್ರಗಳ ಕೋನ ಹೊಂದಿಸುವ ವೀಲ್ ಅಲೈನ್‌ಮೆಂಟ್ ಕಡ್ಡಾಯ ಎಂದಿದೆ. ‘50 ಮಿ.ಮೀ. ದಾಟಿದರೆ ಮಾತ್ರ’ ಎಂದರು ನಿಮ್ಮವರು. ಹಾಗೆ ನೋಡಿದರೂ ನನ್ನ ಬಲಮೂಲೆ 51 ಇಳಿದಿದೆ, ಒಂದು ಮಿ.ಮೀ. ಹೆಚ್ಚೇ ಇದೆ! ಟೈರಿನ ಒಳ ಅಂಚು ಈಗಾಗಲೇ ಸವೆಯತೊಡಗಿದೆ. ಕೈಬಿಟ್ಟರೆ ಸ್ಟೀರಿಂಗು ಬಲಕ್ಕೆ ಎಳೆಯುತ್ತದೆ. ಅದೂ ನನ್ನ ತೂಕದಿಂದಲೇ ಎನ್ನುವಿರೋ ಏನೋ.

ಸರಿಯಾದ ಬಲ ಸ್ಪ್ರಿಂಗು, ಮರುಜೋಡಣೆ, ಅಲೈನ್‌ಮೆಂಟ್, ಎರಡು ಮುಂದಿನ ಟೈರು ಇವನ್ನು ಕೇಳಬೇಕೆಂದಿದ್ದೆ. ಈಗ ನಿಜ ಹೇಳಬೇಕೆಂದರೆ ಅದರಲ್ಲಿ ಅಷ್ಟು ಉತ್ಸಾಹ ಉಳಿದಿಲ್ಲ. ತಪಾಸಣಾ ಶುಲ್ಕವನ್ನಂತೂ ಕೊಡುವುದಿಲ್ಲ. ಈ ಪತ್ರ, ಸಂಖ್ಯೆಗಳ ಚಿತ್ರ, ನಿಮ್ಮ ಕೈಪಿಡಿಯ ಪುಟ ಹಾಗೂ ಆ ಬಿಲ್ಲು ಇಷ್ಟೂ ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಒಂದೇ ಲಕೋಟೆಯಲ್ಲಿ ಸಿದ್ಧವಾಗಿವೆ. ಅದಕ್ಕೂ ಮೊದಲು, ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ, ನಿಮ್ಮ ಕೌಂಟರಿನ ಮುಂದೆ ಸಾಲು ಚೆನ್ನಾಗಿ ಬೆಳೆದಿರುವ ಹೊತ್ತಿಗೆ, ಎರಡೂ ಸ್ಪ್ರಿಂಗುಗಳನ್ನು ಬಿಚ್ಚಿಸಿಕೊಂಡು ಬರುತ್ತೇನೆ. ತೂಕದ ಯಂತ್ರ ಖಾಲಿ ಇರಲಿ. ಈ ಸಲ ಅದರ ಮೇಲೆ ಅವುಗಳನ್ನು ಒಂದೊಂದಾಗಿ ಏರಿಸುತ್ತೇನೆ. ಅಂಕಿಗಳನ್ನು ನಿಮ್ಮ ಸಲಹೆಗಾರರೇ ಕೂಗಿ ಹೇಳಲಿ, ಅವರ ಗಂಟಲು ಚೆನ್ನಾಗಿದೆ.

ಇತಿ,
ನಿಮ್ಮ ಗ್ರಾಹಕ
(ಬೂಟು ಸಮೇತ 92.6 ಕೆ.ಜಿ.)