ಬೋನಿನಲ್ಲಿರುವ ಆ ನಾಯಿಗಾಗಿ

ಪ್ರೀತಿಯ ಗೆಳೆಯ,

ಬೀದಿಯಲ್ಲಿ ಗಾಯಗೊಂಡು ಸಿಕ್ಕಿ ಆಶ್ರಯ ಕೇಂದ್ರ ಸೇರಿರುವ ನಾಯಿಯನ್ನು ಯಾವುದಾದರೂ ಪ್ರಾಣಿ ರಕ್ಷಣಾ ಸಂಸ್ಥೆಗೆ ಒಪ್ಪಿಸುವುದು ಹೇಗೆ ಎಂದು ಕೇಳಿ ನೀನು ಕಳುಹಿಸಿದ ಫೋಟೊ ನೋಡಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಹಿಂಗಾಲು ಊರಲಾಗದೆ ಬೋನಿನ ಮೂಲೆ ಹಿಡಿದಿರುವ ಆ ನಾಯಿಯನ್ನು ಹೊರತರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಶ್ರಯ ಕೇಂದ್ರದವರ ಮೇಲೆ ನೀನು ಹರಿಹಾಯ್ದದ್ದು ನನಗೆ ಸರಿಕಾಣಲಿಲ್ಲ. ಅವರಿಗೆ ಜಾಗವೂ ಕಡಿಮೆ, ಕೈಗಳೂ ಕಡಿಮೆ. ನಾಯಿಯನ್ನು ಬೇರೆ ಸಂಸ್ಥೆಗೆ ಒಪ್ಪಿಸಬೇಕಾದವರೂ ಅವರೇ. ಅವರೊಡನೆ ಜಗಳವಾಡಿದರೆ ನಷ್ಟ ನಾಯಿಗೇ.

ನಾಳೆ ಹೋದಾಗ ಸಮಾಧಾನದಿಂದ ಮಾತನಾಡು. ದಾಖಲೆಯಲ್ಲಿ ನಾಯಿಯ ಸಂಖ್ಯೆ ಏನು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಗಡುವು ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳು. ಮೈಕ್ರೊಚಿಪ್, ಅಂದರೆ ಮಾಲೀಕರನ್ನು ಗುರುತಿಸಲು ಚರ್ಮದಡಿ ಇಡುವ ಪುಟ್ಟ ಚಿಪ್, ಇದೆಯೇ ಎಂದು ನೋಡಿದ್ದಾರೆಯೇ? ಬೀದಿಯಲ್ಲಿ ಸಿಕ್ಕಿದ ನಾಯಿಗೆ ಎಲ್ಲೋ ಒಂದು ಮನೆ ಇರಬಹುದು. ಚಿಪ್ ಕೆಲವೊಮ್ಮೆ ಭುಜದ ಕೆಳಗೂ ಜಾರಿರುತ್ತದೆ, ಅಲ್ಲಿಯೂ ಪರೀಕ್ಷಿಸಲು ಹೇಳು.

ಎಲ್ಲಕ್ಕಿಂತ ಮುಖ್ಯವಾದದ್ದು ನೋವು. ಯಾರೋ ಬಂದು ಕರೆದೊಯ್ಯುವವರೆಗೆ ಅದು ನರಳುತ್ತಿರಬಾರದು. ಪಶುವೈದ್ಯರು ನೋಡಿ ನಾಳೆಯೇ ನೋವಿನ ಔಷಧ ಕೊಡಲಿ ಎಂದು ಪಟ್ಟುಹಿಡಿ. ಮರುಕದಿಂದಲೂ ಮನುಷ್ಯರ ನೋವಿನ ಮಾತ್ರೆ ತಿನ್ನಿಸಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಸೋಂಕು ಬೇಗ ಏರುತ್ತದೆ, ಆಗ ಗಂಟೆಗಳ ಲೆಕ್ಕ. ಸೊಂಟದ ಮೂಳೆ ಮುರಿದಿದ್ದರೆ ಎಷ್ಟೋ ಬಾರಿ ಶಸ್ತ್ರಚಿಕಿತ್ಸೆಯೇ ಇಲ್ಲದೆ, ಕೆಲವು ವಾರಗಳ ಕಟ್ಟುನಿಟ್ಟಾದ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಕಾಲು ತೆಗೆಯಬೇಕಾಗಿ ಬಂದರೂ ಮೂರು ಕಾಲಿನಲ್ಲಿ ಚೆನ್ನಾಗಿ ಓಡಾಡುವ ನಾಯಿಗಳಿವೆ. ಆದ್ದರಿಂದ ಎಕ್ಸ್‌ರೇ ನೋಡದೆ ಯಾರಾದರೂ ‘ಇದು ಉಳಿಯುವುದಿಲ್ಲ’ ಎಂದರೆ ಕಿವಿಗೊಡಬೇಡ.

ಇನ್ನು ಪ್ರಾಣಿ ರಕ್ಷಣಾ ಸಂಸ್ಥೆಗಳ ವಿಷಯ. ‘ದಯವಿಟ್ಟು ಕಾಪಾಡಿ’ ಎಂಬ ಪತ್ರಗಳು ಅವರಿಗೆ ದಿನವೂ ಬರುತ್ತವೆ. ನಿನ್ನ ಪತ್ರದಲ್ಲಿ ಅಂದಾಜು ವಯಸ್ಸು, ತೂಕ, ಗಾಯದ ವಿವರ, ವೈದ್ಯರ ಮಾತು, ಗಡುವಿನ ದಿನಾಂಕ ಇರಲಿ. ನಾಯಿ ಮನುಷ್ಯರೊಡನೆ ಹೇಗಿದೆ ಎಂದು ತೋರಿಸುವ ಚಿಕ್ಕ ವಿಡಿಯೊ ಜೊತೆಗಿರಲಿ. ಅವರು ಒಲ್ಲೆ ಎನ್ನುವುದು ಬಹಳ ಸಲ ಜಾಗವಿಲ್ಲದ ಕಾರಣಕ್ಕೆ. ‘ಚಿಕಿತ್ಸೆಯ ಹೊಣೆ ನೀವು ಹೊತ್ತರೆ ಗುಣವಾಗುವವರೆಗೆ ನಾನು ಇಟ್ಟುಕೊಳ್ಳುತ್ತೇನೆ’ ಎಂಬ ಒಂದು ಸಾಲು ಸೇರಿಸಲು ನಿನ್ನಿಂದ ಸಾಧ್ಯವೇ, ಯೋಚಿಸು. ನನ್ನ ಮಟ್ಟಿಗೆ ಉಳಿದೆಲ್ಲ ಸಾಲುಗಳಿಗಿಂತ ಅದರ ತೂಕ ಹೆಚ್ಚು.

ಹಾಗೆ ತಂದರೆ ನಿನ್ನ ಮನೆಯ ನಾಯಿಯಿಂದ ಕನಿಷ್ಠ ಎರಡು ವಾರ ದೂರವಿಡು. ನಾಯಿಯಿಂದ ನಾಯಿಗೆ ಹರಡುವ ಪಾರ್ವೊ, ಡಿಸ್ಟೆಂಪರ್ ರೋಗಗಳು ಮೊದಲ ದಿನವೇ ಕಾಣಿಸಿಕೊಳ್ಳುವುದಿಲ್ಲ. ನೋವಿನಲ್ಲಿರುವ ಪ್ರಾಣಿ ಒಲಿದವರನ್ನೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿ ಹೋಗು, ಚಿಕ್ಕ ಗೀರೆಂದು ಬಿಡಬೇಡ.

ಹಣ ಕೂಡಿಸುವುದಾದರೆ ನೇರವಾಗಿ ಪಶುಚಿಕಿತ್ಸಾಲಯಕ್ಕೇ ಸಲ್ಲುವಂತೆ ಮಾಡು, ರಸೀದಿ ಎಲ್ಲರಿಗೂ ಕಾಣಲಿ. ನನ್ನ ಪಾಲು ಅಲ್ಲಿಗೇ ಕಳುಹಿಸುತ್ತೇನೆ. ನಾಳೆ ವೈದ್ಯರು ಹೇಳಿದ್ದನ್ನು ಹಾಗೆಯೇ ಬರೆದು ಕಳುಹಿಸು. ಸಂಸ್ಥೆಗಳಿಗೆ ನೀನು ಕಳುಹಿಸಬೇಕಾದ ಪತ್ರವನ್ನು ನಾಳೆ ರಾತ್ರಿಯೇ ಕುಳಿತು ಸಿದ್ಧಮಾಡಿಕೊಡುತ್ತೇನೆ.

ನಿನ್ನ ಗೆಳೆಯ