ಬೀರುವಿನ ಬೀಗ ತೆಗೀರಿ, ಪುಸ್ತಕ ಮಕ್ಕಳೇ ಆರಿಸ್ಕೊಳ್ಳಲಿ

ಸಂಪಾದಕರಿಗೆ ನಮಸ್ಕಾರ,

ಮಕ್ಕಳು ಓದೋದನ್ನೇ ಬಿಟ್ಟಿದಾರೆ, ಎಲ್ಲದಕ್ಕೂ ಮೊಬೈಲೇ ಕಾರಣ ಅಂತ ನಿಮ್ಮ ಪತ್ರಿಕೆಗೆ ಆಗಾಗ ಪತ್ರ ಬರ್ತಾನೇ ಇರುತ್ತೆ. ನಾನು 6, 7, 8ನೇ ಕ್ಲಾಸಿಗೆ ಭಾಷೆ ಪಾಠ ಮಾಡೋ ಟೀಚರು. ಮೊಬೈಲಿಂದ ಏನೂ ಆಗಿಲ್ಲ ಅಂತ ನಾನು ಹೇಳಲ್ಲ, ಆದ್ರೆ ನಮ್ಮ ಕಡೆಯಿಂದಲೂ ದೊಡ್ಡ ತಪ್ಪು ಆಗ್ತಿದೆ, ಪುಸ್ತಕ ನಾವೇ ಆರಿಸ್ತೀವಿ, ಇಡೀ ಕ್ಲಾಸಿಗೆ ಒಂದೇ ಪುಸ್ತಕ ಕೊಡ್ತೀವಿ, ಮಗು ಅದನ್ನ ಮುಗಿಸೋಕೆ ಮುಂಚೆನೇ ಪ್ರಶ್ನೆ ಹಿಡ್ಕೊಂಡು ನಿಂತಿರ್ತೀವಿ. ತಾನು ಯಾವ ಬಟ್ಟೆ ಹಾಕ್ಕೋಬೇಕು, ಯಾರ ಜೊತೆ ಕೂರಬೇಕು ಅಂತ ತಾನೇ ತೀರ್ಮಾನ ಮಾಡೋಕೆ ಶುರು ಮಾಡಿರೋ ವಯಸ್ಸು ಅದು, ಓದೋ ವಿಷಯದಲ್ಲಿ ಮಾತ್ರ ಬಾಯಿ ಮುಚ್ಕೊಂಡು ಕೊಟ್ಟಿದ್ದು ತಗೋ ಅಂದ್ರೆ ಹೇಗೆ?

7ನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಪಾಠ ಓದು ಅಂತ ನಿಲ್ಲಿಸಿದ್ರೆ ಒಂದು ಪ್ಯಾರಾ ಮುಗಿಸೋಕೆ ಬೆವರು ಸುರಿಸ್ತಿದ್ದ, ಇವನಿಗೆ ಓದೋಕೆ ಬರಲ್ಲ ಅಂತ ನಾನೂ ಬರೆದಿಟ್ಟಿದ್ದೆ. ಒಂದಿನ ಡೆಸ್ಕ್ ಕೆಳಗೆ ಹಾವುಗಳ ಬಗ್ಗೆ ಒಂದು ದಪ್ಪ ಪುಸ್ತಕ ಇಟ್ಕೊಂಡು ಕೂತಿದ್ದ, ಬೈಯೋಕೆ ಅಂತ ಹೋದವಳು ಒಂದು ಪುಟ ಓದಿಸಿದೆ. ವಿಷಗ್ರಂಥಿ, ಶೀತರಕ್ತ, ಪೊರೆ ಕಳಚೋದು, ಒಂದು ಕಡೆನೂ ತಡವರಿಸಲಿಲ್ಲ. ಓದಿದ್ದನ್ನ ಆಮೇಲೆ ನನಗೇ ಬಿಡಿಸಿ ಹೇಳ್ದ.

ಇದು ಒಬ್ಬ ಹುಡುಗನ ಕಥೆ ಮಾತ್ರ ಅಲ್ಲ. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದಲ್ಲಿ 7 ಮತ್ತು 8ನೇ ಕ್ಲಾಸಿನ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ಭಾಗದ ವಿವರಣೆ ಓದಿಸಿದ್ರು, ಓದಿದ್ದನ್ನ ಆಟದ ಮೈದಾನದ ಒಂದು ಮಾಡೆಲ್ ಮೇಲೆ ಗೊಂಬೆಗಳನ್ನ ಸರಿಸಿ ತೋರಿಸಿ ಅಂದ್ರು. ಓದೋದ್ರಲ್ಲಿ ಹಿಂದೆ ಇದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದೋದ್ರಲ್ಲಿ ಮುಂದೆ ಇದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಮಾಡಿದ್ರು. ವಿಷಯ ಗೊತ್ತಿದ್ರೆ ಮುಂದೇನು ಬರುತ್ತೆ ಅಂತ ಮನಸ್ಸೇ ಊಹಿಸ್ತಾ ಹೋಗುತ್ತೆ, ಒಂದೊಂದು ಪದಕ್ಕೂ ಎಡವಲ್ಲ. ಅಂದ್ರೆ ನಾವು "ಓದೋಕೆ ಬರಲ್ಲ" ಅಂತ ಷರಾ ಬರೆಯೋ ಎಷ್ಟೋ ಮಕ್ಕಳಿಗೆ ಬರದೇ ಇರೋದು ನಾವು ಕೈಗೆ ಕೊಟ್ಟ ಆ ಒಂದು ಪುಸ್ತಕ ಮಾತ್ರ ಇರಬಹುದು. ಇದನ್ನ ತಿಳ್ಕೊಂಡ ಮೇಲೆ ಆ ಹುಡುಗನ ಬಗ್ಗೆ ನಾನು ಬರೆದಿದ್ದನ್ನ ಹೊಡೆದು ಹಾಕಿದೆ.

ಹಾಗಾಗಿ ಟೀಚರ್‌ಗಳಿಗೆ ನಾನು ಕೇಳ್ಕೊಳ್ಳೋದು, ಕ್ಲಾಸ್‌ರೂಮಿನ ಒಳಗೇ ಒಂದು ಶೆಲ್ಫ್ ಇಡಿ, 30-40 ಪುಸ್ತಕ ಇದ್ರೂ ಸಾಕು, ಆದ್ರೆ ಎಲ್ಲಾ ನೀತಿಕಥೆನೇ ಆಗೋದು ಬೇಡ. ಪತ್ತೇದಾರಿ, ಕಾಮಿಕ್ಸ್, ಪ್ರಾಣಿಗಳು, ಯಂತ್ರಗಳು, ಆಟಗಾರರ ಜೀವನ, ಪದ್ಯ, ಭೂತದ ಕಥೆ, ಎಲ್ಲಾ ಇರಲಿ. ಕಾಮಿಕ್ಸ್ ಓದೋದು ಓದೇ ಅಲ್ಲ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಪ್ರತಿ ವರ್ಷ ಯಾರಾದ್ರೂ ಹೇಳ್ತಾರೆ, ಅವರಿಗೆ ನಾನು ಕೊಡೋ ಉತ್ತರ ಏನಂದ್ರೆ, ಚಿತ್ರ ಒಂದು ಹೇಳ್ತಿರುತ್ತೆ ಮಾತು ಇನ್ನೊಂದು ಹೇಳ್ತಿರುತ್ತೆ, ಎರಡನ್ನೂ ಸೇರಿಸಿ ಅರ್ಥ ಮಾಡ್ಕೊಳ್ಳೋದು ಸುಲಭದ ಕೆಲಸ ಅಲ್ಲ. ಶೆಲ್ಫಲ್ಲಿ ಇಡೋ ಪುಸ್ತಕ ಮೊದಲು ಟೀಚರ್ ಓದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ, ಯಾಕಂದ್ರೆ "ಇದು ನಿನಗೆ ಇಷ್ಟ ಆಗಬಹುದು ನೋಡು" ಅಂತ ಹೇಳ್ಬೇಕಾದ್ರೆ ಪುಸ್ತಕನೂ ಗೊತ್ತಿರಬೇಕು ಮಗುನೂ ಗೊತ್ತಿರಬೇಕು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅಂತ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಬರೆದಿದ್ರು. ಅವರ ಮೊದಲನೇ ಸೂತ್ರ ಪುಸ್ತಕ ಇರೋದು ಬಳಸೋಕೆ ಅಂತ. ಹೀಗಿರುವಾಗ, ಕಳೆದುಹೋದ್ರೆ ಯಾರು ಹೊಣೆ ಅನ್ನೋ ಭಯಕ್ಕೆ ಪುಸ್ತಕಗಳನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ ಇನ್ಸ್‌ಪೆಕ್ಷನ್ ದಿನ ಮಾತ್ರ ತೆಗೆಯೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳೋದನ್ನ ನಾವು ಪ್ರೈಮರಿಗೇ ನಿಲ್ಲಿಸ್ಬಿಡ್ತೀವಿ, ದೊಡ್ಡವರಾದ್ರು ಅಂತ. ಈ ವಯಸ್ಸಿನ ಬಹಳಷ್ಟು ಮಕ್ಕಳಿಗೆ ತಾವೇ ಓದಿ ಅರ್ಥ ಮಾಡ್ಕೊಳ್ಳೋದಕ್ಕಿಂತ ಕೇಳಿ ಅರ್ಥ ಮಾಡ್ಕೊಳ್ಳೋ ಶಕ್ತಿ ಇನ್ನೂ ಜಾಸ್ತಿ ಇರುತ್ತೆ. ನಾನು ಪೀರಿಯಡ್ ಶುರುವಲ್ಲಿ 10 ನಿಮಿಷ ಓದ್ತೀನಿ, ಸರಿಯಾಗಿ ಕುತೂಹಲದ ಜಾಗದಲ್ಲಿ ನಿಲ್ಲಿಸ್ತೀನಿ, ಸಾಯಂಕಾಲದೊಳಗೆ ಆ ಪುಸ್ತಕ ಶೆಲ್ಫಲ್ಲಿ ಇರಲ್ಲ! ಸಿಲಬಸ್ ಮುಗಿಯಲ್ಲ ಅಂತ ಹೇಳೋರಿಗೆ, ನನ್ನ ಸಿಲಬಸ್ ಒಂದು ವರ್ಷನೂ ಉಳಿದಿಲ್ಲ.

ವರ್ಕ್‌ಶೀಟು, ಸ್ಮಾರ್ಟ್ ಬೋರ್ಡ್ ಬಗ್ಗೆ ಜಾಸ್ತಿ ಹೇಳಲ್ಲ, ಇದ್ರೆ ಬಳಸೋಣ. ದುಡ್ಡು ಖರ್ಚಿಲ್ಲದೆ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಜಿಗ್ಸಾ ವಿಧಾನ, 1971ರಲ್ಲಿ ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಟೆಕ್ಸಸ್‌ನ ಆಸ್ಟಿನ್ ಶಾಲೆಗಳಲ್ಲಿ ಶುರು ಮಾಡಿದ್ದು. ಉದಾಹರಣೆಗೆ ನದಿ ಅಂತ ವಿಷಯ ತಗೊಂಡ್ರೆ ಗುಂಪಲ್ಲಿ ಒಬ್ಬರಿಗೆ ಕಥೆ, ಒಬ್ಬರಿಗೆ ಮ್ಯಾಪು, ಒಬ್ಬರಿಗೆ ಪ್ರವಾಹದ ಸುದ್ದಿ, ಇನ್ನೊಬ್ಬರಿಗೆ ಮಳೆ ಲೆಕ್ಕದ ಟೇಬಲ್. ಒಂದೇ ತುಣುಕು ಸಿಕ್ಕಿದ ಬೇರೆ ಬೇರೆ ಗುಂಪಿನವರು ಮೊದಲು ಒಟ್ಟಿಗೆ ಕೂತು ಚರ್ಚೆ ಮಾಡ್ತಾರೆ, ಆಮೇಲೆ ತಮ್ಮ ಗುಂಪಿಗೆ ವಾಪಸ್ ಬಂದು ಉಳಿದವರಿಗೆ ಕಲಿಸ್ತಾರೆ. ಯಾವತ್ತೂ ಮಾತಾಡದ ಹುಡುಗಿ ಹತ್ರ ಮಾತ್ರ ಆ ಮ್ಯಾಪ್ ಇದೆ ಅಂದಾಗ ಇಡೀ ಗುಂಪು ಅವಳ ಬಾಯನ್ನೇ ನೋಡ್ತಾ ಕೂರುತ್ತೆ, ಅದನ್ನ ನೋಡೋದೇ ಒಂದು ಸಂತೋಷ.

ಬುಕ್ ರಿಪೋರ್ಟ್ ಬರೆಸೋದನ್ನ ಬಿಟ್ಟಿದೀನಿ. ಅದರ ಬದಲು ವಾರಕ್ಕೊಂದು ಸಲ ಇಷ್ಟ ಇದ್ದೋರು ಎದ್ದು ಬಂದು ಎರಡು ನಿಮಿಷ ತಾವು ಓದಿದ್ದರ ಬಗ್ಗೆ ಮಾತಾಡ್ತಾರೆ, ಬೋರ್ ಆಯ್ತು 20 ಪುಟಕ್ಕೆ ಬಿಟ್ಟೆ ಅಂದ್ರೂ ಸರಿ, ಯಾಕೆ ಅಂತ ಹೇಳಿದ್ರೆ ಆಯ್ತು.

ಕೊನೆಗೆ ನಿಮಗೇ ಒಂದು ಕೋರಿಕೆ. ನಿಮ್ಮ ಮಕ್ಕಳ ಪುಟ ಬಣ್ಣ ತುಂಬೋದು, ದಾರಿ ಹುಡುಕೋದು, ಪುಟ್ಟ ಕಥೆಗೆ ಮುಗಿದುಹೋಗುತ್ತೆ, ಅದು 8-9 ವರ್ಷದವರಿಗೆ ಚೆನ್ನಾಗಿದೆ, 12-13ರ ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ವಾರಕ್ಕೆ ಒಂದು ಕಾಲು ಪುಟ ಆದ್ರೂ ಅವರಿಗೆ ಕೊಡಿ, ಅಲ್ಲಿ ದೊಡ್ಡವರ ಉಪದೇಶ ಬೇಡ, ತಾವು ಓದಿದ ಪುಸ್ತಕದ ಬಗ್ಗೆ ಮಕ್ಕಳೇ ಬರೀಲಿ, ತಪ್ಪಿದ್ರೆ ಕಾಗುಣಿತ ತಿದ್ದಿ, ಅಭಿಪ್ರಾಯ ತಿದ್ದಬೇಡಿ. ನನ್ನ ಕ್ಲಾಸಿಂದ ಮೊದಲ ನಾಲ್ಕು ವಾರಕ್ಕೆ ಆಗೋಷ್ಟು ಬರಹ ರೆಡಿ ಇದೆ, ನೀವು ಹೂಂ ಅಂದ್ರೆ ನಾಳೆನೇ ಕಳಿಸ್ತೀನಿ.

ಇಂತಿ,
ಒಬ್ಬ ಮಿಡಲ್ ಸ್ಕೂಲ್ ಟೀಚರ್